ರಾಜ ಸಾಯುವುದಿಲ್ಲ, ಅವನ ದಾರಿ ಮುಗಿಯುತ್ತದೆ

ಕಲಬುರಗಿಯ ಬೇಸಿಗೆ. ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಫ್ಯಾನಿನ ಕೆಳಗೆ ಚದುರಂಗ ಹಾಸಿಕೊಂಡು ಕೂತಿದ್ದೆವು. ತಂಗಿಯ ಮಗಳು ಮಂತ್ರಿಯಿಂದ ಚೆಕ್ (ರಾಜನ ಮೇಲೆ ನೇರ ದಾಳಿ) ಮೇಲೆ ಚೆಕ್ ಕೊಟ್ಟು, "ಮಾಮಾ, ನಿನ್ ರಾಜಾ ಸತ್ತ ನೋಡು!" ಅಂದಳು. ರಾಜ ಪಕ್ಕದ ಮನೆಗೆ ಸರಿದು ಆರಾಮಾಗಿ ನಿಂತ.

ಹೊಸಬರು ಎಡವುವುದು ಇಲ್ಲೇ. ಚದುರಂಗದಲ್ಲಿ ರಾಜನನ್ನು ಹೊಡೆಯುವುದೇ ಇಲ್ಲ. ಆಟ ಗೆದ್ದಾಗ ಹೇಳುವ 'ಶಾಹ್ ಮಾತ್' (ಚೆಕ್‌ಮೇಟ್) ಅಂದರೆ 'ರಾಜ ಸತ್ತ' ಅಂತ ಎಷ್ಟೋ ಜನ ಹೇಳುತ್ತಾರೆ. ಅದು ತಪ್ಪು. ಪರ್ಷಿಯನ್‌ನಲ್ಲಿ 'ಮಾತ್' ಅಂದರೆ ದಿಕ್ಕು ತೋಚದೆ ನಿಂತವನು. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳ ದರ್ಬಾರಿನ ಭಾಷೆಯೂ ಅದೇ. ನಮ್ಮ ಚತುರಂಗ ಪರ್ಷಿಯಾಕ್ಕೆ ಹೋಗಿ ಶತರಂಜ್ ಆಯಿತು. ನಮ್ಮೂರಿನ ಉರ್ದು ಮಾತಾಡುವ ಮನೆಗಳಲ್ಲಿ ಇವತ್ತಿಗೂ ಅದೇ ಹೆಸರು.

ರಾಜನಿಗೆ ಚೆಕ್ ಇರಬೇಕು. ಸರಿಯಲು, ಅಡ್ಡ ಹಾಕಲು, ಚೆಕ್ ಕೊಟ್ಟ ಕಾಯಿಯನ್ನು ಹೊಡೆಯಲು ದಾರಿ ಇರಬಾರದು. ಆಗ ಮಾತ್. ಚೆಕ್ ಇಲ್ಲ, ಆದರೆ ಆಡಲು ಒಂದು ನಡೆಯೂ ಇಲ್ಲ ಅಂದರೆ ಆಟ ಡ್ರಾ. ಅದಕ್ಕೇ ಮನೆ ಎಣಿಸಿ. ನಡುವೆ ನಿಂತ ರಾಜನ ಸುತ್ತ 8 ಮನೆ. ಅಂಚಿನಲ್ಲಿ 5. ಮೂಲೆಯಲ್ಲಿ ಬರೀ 3. ಅಂಚಿಗೆ ತಳ್ಳಿದರೆ ಅರ್ಧ ಕೆಲಸ ಹಲಗೆಯೇ ಮಾಡುತ್ತದೆ, ಅಲ್ವಾ?

ತಳ್ಳುವುದು ಹೇಗೆ? ತೊಗರಿ ಹೊಲಕ್ಕೆ ನುಗ್ಗಿದ ದನವನ್ನು ಇಬ್ಬರು ಸೇರಿ ಬೇಲಿಗೆ ಒತ್ತುವ ಹಾಗೆ. ಒಬ್ಬ ಹಿಂದೆ ಬಾರದಂತೆ ನಿಲ್ಲುತ್ತಾನೆ, ಇನ್ನೊಬ್ಬ ಅಟ್ಟುತ್ತಾನೆ. ನೆಟ್ಟಗೆ, ಅಡ್ಡಕ್ಕೆ ಎಷ್ಟು ಮನೆ ಬೇಕಾದರೂ ಓಡುವ ಆನೆ ನಿಮ್ಮ ಹತ್ತಿರ ಎರಡು ಇವೆ ಅನ್ನಿ. ಎದುರಾಳಿಯ ಒಂಟಿ ರಾಜ ನಿಮ್ಮ ಕಡೆಯಿಂದ 5ನೇ ಸಾಲಿನಲ್ಲಿದ್ದಾನೆ. ಒಂದು ಆನೆ 4ನೇ ಸಾಲು ಕಾಯಲಿ. ಇನ್ನೊಂದು 5ಕ್ಕೆ ಬಂದು ಚೆಕ್ ಕೊಡಲಿ. ರಾಜ 6ಕ್ಕೆ ಏರಲೇಬೇಕು. ಈಗ 4ರಲ್ಲಿದ್ದದ್ದು 6ಕ್ಕೆ ಹಾರುತ್ತದೆ, 5ರದ್ದು ಕಾವಲು. ಏಣಿ ಹತ್ತುವಾಗ ಒಂದು ಕಾಲು ಊರಿ ಇನ್ನೊಂದನ್ನು ಎತ್ತುತ್ತೇವಲ್ಲ, ಥೇಟ್ ಹಾಗೇ. 8ನೇ ಸಾಲಿನಲ್ಲಿ ಚೆಕ್ ಬಿದ್ದರೆ ಅವನಿಗೆ ಮುಂದೆ ಮೆಟ್ಟಿಲೇ ಇಲ್ಲ.

ರಾಜ ಆನೆಯ ಹತ್ತಿರ ಬಂದರೆ ಗಾಬರಿ ಬೇಡ. ಅದೇ ಸಾಲಿನಲ್ಲಿ ಆನೆಯನ್ನು ಆಚೆ ತುದಿಗೆ ಜಾರಿಸಿ. ಬೇಲಿ ಇದ್ದಲ್ಲೇ ಇರುತ್ತದೆ.

ಸಂಜೆ ಎರಡು ಆನೆ ಅವಳಿಗೆ ಕೊಟ್ಟು ನಾನು ಒಂಟಿ ರಾಜ ಇಟ್ಟುಕೊಂಡೆ. ಆರನೇ ಸಾಲಿನ ಆನೆಯ ಹತ್ತಿರಕ್ಕೆ ಬೇಕಂತಲೇ ಬಂದೆ. ಅವಳ ಕೈ ಚೆಕ್ ಕೊಡಲು ಹೋಗಿ ನಿಂತಿತು. ಬೆರಳಲ್ಲೇ ಮನೆ ಎಣಿಸಿದಳು. ಆಮೇಲೆ ಆನೆಯನ್ನು ಸುಮ್ನೆ ಆ ತುದಿಗೆ ಸರಿಸಿದಳು.