ಮುಚ್ಚಳದ ಬೆವರು

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಒಳಮೈಯೆಲ್ಲ ಹನಿ ಹನಿ. ಮುಚ್ಚಳ ಬೆವರಿದೆ ಅಂದರೆ ಯಾರಿಗಾದರೂ ಅರ್ಥವಾಗುತ್ತದೆ, ಅಲ್ವಾ? ಬಟ್ಟಿಯ ಮುಂದೆ ಕೂತ ಅರಬ್ಬರಿಗೂ ಹೀಗೇ ಕಂಡಿರಬೇಕು. ಅವರ ಭಾಷೆಯಲ್ಲಿ 'ಅರಕ್' ಎಂದರೆ ಬೆವರು. ಬಟ್ಟಿ ಇಳಿಸಿದ ಮದ್ಯಕ್ಕೂ ಅದೇ ಹೆಸರು ನಿಂತಿತು. ನಮ್ಮ ಅಬಕಾರಿ ಕಾಗದಪತ್ರಗಳ 'ಅರ್ಯಾಕ್' ಇದೇ ಪದ, ಇಂಗ್ಲಿಷರ ಬಾಯಲ್ಲಿ ಕೊಂಚ ತಿರುಚಿಕೊಂಡದ್ದು. ನಮ್ಮ ಜನ ಮಾತ್ರ ಸಾರಾಯಿ ಎಂದೇ ಕರೆದರು.

ಮದ್ಯಕ್ಕೆ ಬೆವರುವ ಕೆಲಸ ಯಾಕೆ ಬೇಕಾಯಿತು? ಹಣ್ಣಿನ ರಸವೋ ಈಚಲ ನೀರೋ ಹುಳಿಯುವಾಗ ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಆ ಮದ್ಯಸಾರ ಶೇಕಡ 15ರ ಆಸುಪಾಸಿಗೆ ಬಂದರೆ ಸಾಮಾನ್ಯವಾಗಿ ಯೀಸ್ಟೇ ತಾಳಲಾರದೆ ಸೋಲುತ್ತದೆ. ಹೆಂಡ, ಬಿಯರ್, ವೈನ್ ಎಲ್ಲ ಹೆಚ್ಚುಕಮ್ಮಿ ಈ ಗೆರೆಯ ಈಚೆಗೇ. ದಾಟಬೇಕಾದರೆ ಒಲೆ ಹಚ್ಚಬೇಕು.

ಮದ್ಯಸಾರ ಕುದಿಯುವುದು ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು 100ರಲ್ಲಿ. ಹಾಗಂತ 78ಕ್ಕೆ ಮದ್ಯಸಾರವೆಲ್ಲ ಎದ್ದು ಹೋಗಿ ನೀರು ಸುಮ್ನೆ ತಳದಲ್ಲಿ ಕೂತಿರುತ್ತದೆ ಅಂದುಕೊಳ್ಳಬೇಡಿ. ಎರಡೂ ಜೊತೆಯಲ್ಲೇ ಏಳುತ್ತವೆ. ಆದರೆ ಆವಿಯಲ್ಲಿ ಮದ್ಯಸಾರದ ಪಾಲು ಮಡಕೆಯಲ್ಲಿದ್ದುದಕ್ಕಿಂತ ಜಾಸ್ತಿ. ಆ ಆವಿ ತಣ್ಣಗಾಗಿ ಹನಿಯಾದರೆ ಮೊದಲಿಗಿಂತ ಗಟ್ಟಿ ಮದ್ಯ. ಅದನ್ನೇ ಇನ್ನೊಮ್ಮೆ ಇಳಿಸಿದರೆ ಇನ್ನೂ ಗಟ್ಟಿ. ಗೋವಾದಲ್ಲಿ ಹುಳಿ ಬಂದ ಗೇರುಹಣ್ಣಿನ ರಸವನ್ನು ಒಮ್ಮೆ ಇಳಿಸಿದರೆ ಉರಾಕ್, ಮತ್ತೆ ಇಳಿಸಿದರೆ ಫೆನಿ. ಉರಾಕ್ ಎಂಬ ಹೆಸರೂ ಅರಕ್‌ನ ಕೂಸೇ. ಇಳಿಸುತ್ತಾ ಹೋದರೆ ಎಲ್ಲಿಗೆ ಮುಟ್ಟಬಹುದು? ತೂಕದ ಲೆಕ್ಕದಲ್ಲಿ ಶೇಕಡ 95.6ಕ್ಕೆ. ಅಲ್ಲಿ ಆವಿಯ ಹದವೂ ದ್ರವದ ಹದವೂ ಒಂದೇ ಆಗಿಬಿಡುತ್ತದೆ. ಆಮೇಲೆ ಎಷ್ಟು ಸೌದೆ ಉರಿಸಿದರೂ ದಂಡ.

ಪದ ಮಾತ್ರ ಎಲ್ಲೂ ನಿಲ್ಲಲಿಲ್ಲ. ಟರ್ಕಿಯಲ್ಲಿ ರಾಕಿ ಆಯಿತು, ಸರ್ಬಿಯಾದಲ್ಲಿ ರಾಕಿಯಾ. ಮಂಗೋಲಿಯಾದವರು ಹುಳಿದ ಹಾಲನ್ನು ಬಟ್ಟಿ ಇಳಿಸಿ ಅದನ್ನು ಅರ್ಖಿ ಎನ್ನುತ್ತಾರೆ. ಲೆಬನಾನಿನ ಅರಕ್ ದ್ರಾಕ್ಷಿಯದು, ಶ್ರೀಲಂಕಾದ್ದು ತೆಂಗಿನ ಕಳ್ಳಿನದು, ನಮ್ಮದು ಸಕ್ಕರೆ ಕಾರ್ಖಾನೆಯ ಕಾಕಂಬಿಯದು. ಒಳಗಿನ ಸರಕು ಯಾವುದಾದರೇನು, ಮುಚ್ಚಳ ಬೆವರಿದರೆ ಸಾಕು.

ನನಗೆ ತಮಾಷೆ ಅನಿಸುವುದು ಇನ್ನೊಂದು. ಹಕೀಮರು ಬಟ್ಟಿ ಇಳಿಸಿದ ಗುಲಾಬಿ ನೀರನ್ನೂ ಅರಕ್ ಎಂದೇ ಕರೆದರು. ಹೊಟ್ಟೆನೋವಿಗೆ ಕೊಡುವ ಓಮದ ಅರ್ಕ, ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಗೋ ಅರ್ಕ ನಮಗೆಲ್ಲ ಗೊತ್ತು. ಸಂಸ್ಕೃತದಲ್ಲಿ ಅರ್ಕ ಎಂದರೆ ಸೂರ್ಯ, ಎಕ್ಕದ ಗಿಡ. ಬಟ್ಟಿಯ ಅರ್ಥ ಮಾತ್ರ ಅರಬ್ಬಿ ಕಡೆಯಿಂದ ಬಂದು ಸೇರಿಕೊಂಡದ್ದೆಂದು ತೋರುತ್ತದೆ. ಅಂದರೆ ಗೋ ಅರ್ಕವೂ ಸಾರಾಯಿಯೂ ಹೆಸರಿನ ಲೆಕ್ಕದಲ್ಲಿ ದಾಯಾದಿಗಳು. ಇದನ್ನು ಎಲ್ಲರ ಮನೆಯಲ್ಲೂ ಹೇಳಲು ಹೋಗಬೇಡಿ.

ಯುರೋಪಿನ ಹೆಸರುಗಳ ಬೆಡಗೇ ಬೇರೆ. ಲ್ಯಾಟಿನ್ನಿನಲ್ಲಿ ಇದು 'ಆಕ್ವಾ ವಿಟೇ', ಜೀವಜಲ. ಫ್ರೆಂಚರು ಅದನ್ನೇ 'ಓ ದ ವೀ' ಎಂದರು. ಗೇಲಿಕ್ ಭಾಷೆಯ ಜೀವಜಲ ಸವೆದು ಸವೆದು ವಿಸ್ಕಿ ಆಯಿತು. ಇವು ಔಷಧಿ ಮಾರುವವನ ಮಾತು. ಅರಕ್ ಹಾಗಲ್ಲ. ಯಾವ ಭರವಸೆಯನ್ನೂ ಕೊಡದೆ, ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಿತು. ಕನ್ನಡದ 'ಬಟ್ಟಿ ಇಳಿಸು' ಕೂಡ ಇದೇ ಜಾತಿ. ಬಟ್ಟಿ ಎಂದರೆ ಒಲೆ, ಇಳಿಯುವುದು ಹನಿ. ಇಂಗ್ಲಿಷಿನ ಡಿಸ್ಟಿಲ್‌ಗೂ ಲ್ಯಾಟಿನ್ ಮೂಲದಲ್ಲಿ ಕೆಳಕ್ಕೆ ತೊಟ್ಟಿಕ್ಕು ಎಂದೇ ಅರ್ಥ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಪ್ಯಾಕೆಟ್ಟಿನ ಜೊತೆಗೆ ಅರ್ಯಾಕ್ ಎಂಬ ಪದವೂ ಬೀದಿಯಿಂದ ಮರೆಯಾಯಿತು. ಅರಬ್ಬಿ ನಾಡಿನಲ್ಲಿ ಅದು ತನ್ನ ಮೊದಲ ಕೆಲಸ ಬಿಟ್ಟಿಲ್ಲ. ಬಿಸಿಲಲ್ಲಿ ದುಡಿದು ಬಂದವನ ಹಣೆಯ ಮೇಲಿರುವುದೂ ಅಲ್ಲಿ ಅರಕ್ಕೇ.