ಚೀಲದಲ್ಲಿ ಬಂದ ಕಲ್ಲು, ಗುಡ್ಡದಲ್ಲಿ ಉಳಿದ ಕಲ್ಲು

ಪ್ರಯೋಗಾಲಯದ ವರದಿಯ ಕೊನೆಯಲ್ಲಿ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ‘ಈ ಫಲಿತಾಂಶ ನಮಗೆ ತಲುಪಿದ ಮಾದರಿಗೆ ಮಾತ್ರ ಅನ್ವಯ.’ ಚಿನ್ನದ ಆಸೆ ಹೊತ್ತು ನನ್ನ ಬಳಿಗೆ ಬಂದವರಲ್ಲಿ ಆ ಸಾಲನ್ನು ಓದಿಕೊಂಡು ಬಂದ ಒಬ್ಬರನ್ನೂ ನಾನು ಕಂಡಿಲ್ಲ.

ಕಳೆದ ಬೇಸಿಗೆಯಲ್ಲಿ ಚಿತ್ರದುರ್ಗದ ಆಚೆಯ ಗುಡ್ಡದಂಚಿನ ಶೇಂಗಾ ಬೆಳೆಗಾರರೊಬ್ಬರು ಹೆಗಲ ಟವೆಲಿನ ಗಂಟು ಬಿಚ್ಚಿ, ಮುಷ್ಟಿಗಾತ್ರದ ಬೆಣಚುಕಲ್ಲನ್ನು ನನ್ನ ಮೇಜಿನ ಮೇಲಿಟ್ಟರು. ತುಕ್ಕು ಬಣ್ಣದ ಬಿರುಕಿನಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಹಳದಿ ಚುಕ್ಕೆ. ವರದಿಯಲ್ಲಿ ಟನ್ನು ಕಲ್ಲಿಗೆ 20 ಗ್ರಾಂ ಚಿನ್ನ. ಯಾರೋ ದಲ್ಲಾಳಿ ಆಗಲೇ ಗುಡ್ಡದ ಉದ್ದ, ಅಗಲ, ಎತ್ತರವನ್ನು ಗುಣಿಸಿ ಕೋಟಿಗಳ ಲೆಕ್ಕ ಕೊಟ್ಟಿದ್ದ. ಆ ಲೆಕ್ಕ ನಂಬಿ ಇವರು ಸಾಲ ಮಾಡಲು ಹೊರಟಿದ್ದರು. ದಲ್ಲಾಳಿಯ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕಲ್ಲಿನಲ್ಲಿ ಇದ್ದದ್ದು ಚಿನ್ನವೇ. ಚಿನ್ನದಂತೆ ಹೊಳೆಯುವ ಪೈರೈಟ್ ಖನಿಜವಾಗಿದ್ದರೆ ಎರಡು ನಿಮಿಷದ ಮಾತು: ಸುತ್ತಿಗೆಯ ಏಟಿಗೆ ಅದು ಪುಡಿಯಾಗುತ್ತದೆ, ಚಿನ್ನ ಚಪ್ಪಟೆಯಾಗುತ್ತದೆ. ಗದಗದಿಂದ ಶ್ರೀರಂಗಪಟ್ಟಣದವರೆಗೆ ನಾನೂರು ಕಿಲೋಮೀಟರಿಗೂ ಮಿಕ್ಕಿ ಹಬ್ಬಿರುವ ನಮ್ಮ ಶಿಸ್ಟ್ (ಪದರ ಪದರವಾಗಿ ಸೀಳುವ ಶಿಲೆ) ಪಟ್ಟಿಯಲ್ಲಿ ಚಿನ್ನ ಸಿಗುವುದು ಹೊಸ ಸಂಗತಿಯೂ ಅಲ್ಲ. ಅಜ್ಜನಹಳ್ಳಿಯಲ್ಲಿ ಅದು ಕಬ್ಬಿಣದ ಪಟ್ಟೆಶಿಲೆಯಲ್ಲಿ ಕೂತಿದೆ. ಅತ್ತ ಹೊನ್ನಾಳಿ ಸೀಮೆಯ ಕುದುರೆಕೊಂಡದಲ್ಲಿ ಹಳೆಯ ಗಣಿ ಕೆಲಸದ ಗುರುತುಗಳಿವೆ.

ತೊಡಕಿರುವುದು ಕಲ್ಲನ್ನು ಆರಿಸಿದ ರೀತಿಯಲ್ಲಿ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಪಾತ್ರೆಯ ಅಷ್ಟೂ ಅಕ್ಕಿ ಒಂದೇ ನೀರಿನಲ್ಲಿ ಕುದಿದಿರುತ್ತದೆ. ಚಿನ್ನವನ್ನು ಬಂಡೆಯೊಳಗೆ ಯಾರೂ ಕಲಸಿಟ್ಟಿಲ್ಲ. ಬಿಸಿನೀರು ಬಿರುಕು ಹಿಡಿದು ಹರಿದಾಗ ಒಂದು ಕಡೆ ಕಾಳು ಬಿಟ್ಟು, ಮಾರುದೂರ ಏನೂ ಬಿಡದೆ ಹೋಗಿರುತ್ತದೆ. ಪ್ರಯೋಗಾಲಯದವರು ಕಲ್ಲನ್ನು ಹಿಟ್ಟು ಮಾಡಿ ಸಾಮಾನ್ಯವಾಗಿ 30 ಗ್ರಾಂ ಅಥವಾ 50 ಗ್ರಾಂ ತೂಗಿ ಮೂಸೆಗೆ ಹಾಕುತ್ತಾರೆ. ಆ 30 ಗ್ರಾಂ ಹಿಟ್ಟಿನಲ್ಲಿ 0.2 ಮಿಲಿಮೀಟರ್ ಅಡ್ಡಳತೆಯ ಒಂದೇ ಒಂದು ಚಿನ್ನದ ಕಾಳು, ಸಕ್ಕರೆ ಹರಳಿಗಿಂತಲೂ ಸಣ್ಣದು, ಸಿಕ್ಕರೆ ವರದಿ ಟನ್ನಿಗೆ 2.7 ಗ್ರಾಂ ಎನ್ನುತ್ತದೆ. ಸಿಗದಿದ್ದರೆ ಸೊನ್ನೆ. ಅದೇ ಕಲ್ಲು, ಅದೇ ಹಿಟ್ಟು! ಇನ್ನು, ಚುಕ್ಕೆ ಕಂಡ ಕಲ್ಲನ್ನೇ ಹೆಕ್ಕಿ ಕೊಟ್ಟರೆ ವರದಿ ಏನು ಹೇಳಬೇಕು?

ಆ 20 ಗ್ರಾಂ ನಿಜವೆಂದೇ ಇಟ್ಟುಕೊಳ್ಳೋಣ. ಆ ಕಲ್ಲು ಬಂದ ಬೆಣಚಿನ ಎಳೆ, ಅಂದರೆ ಬಂಡೆಯ ಬಿರುಕು ತುಂಬಿದ ಬೆಣಚಿನ ಪಟ್ಟಿ, 30 ಸೆಂಟಿಮೀಟರ್ ಅಗಲವಿದೆ. ನೆಲದಡಿಯಲ್ಲಿ ಆಳು ನಿಂತು ಕೆಲಸ ಮಾಡಲು ಒಂದೂವರೆ ಮೀಟರ್ ಅಗಲ ಬೇಕೆಂದರೆ, ಎಳೆಯ ಎರಡೂ ಬದಿಯ ಬರಡು ಕಲ್ಲನ್ನೂ ಒಡೆದು ಹೊರಬೇಕು. ಹೊರಬಂದ ರಾಶಿಯಲ್ಲಿ ಟನ್ನಿಗೆ 4 ಗ್ರಾಂ ಉಳಿಯುತ್ತದೆ. ದಲ್ಲಾಳಿ ಗುಡ್ಡದ ಅಳತೆ ತೆಗೆದುಕೊಂಡ, ಎಳೆಯ ಅಳತೆ ತೆಗೆದುಕೊಳ್ಳಲಿಲ್ಲ.

ನಾನು ಅವರ ಊರಿಗೆ ಹೋದೆ. ಅವರ ತಾಯಿ ಮಂಡಕ್ಕಿ, ಮೆಣಸಿನಕಾಯಿ ತಟ್ಟೆಗೆ ಹಾಕಿಕೊಟ್ಟು, ‘ಹೊಲ ಉಳಿಯುತ್ತದೋ ಇಲ್ಲವೋ, ಅಷ್ಟು ಹೇಳಿ’ ಎಂದರು. ಆ ಮಾತು ಕೇಳಿದ ಮೇಲೆ ಗುಡ್ಡ ಹತ್ತುವಾಗ ಕಾಲು ಭಾರವಾಗಿತ್ತು. ಅಲ್ಲಿ ಚಿನ್ನವಿಲ್ಲ ಎಂದು ನಾನು ಹೇಳುತ್ತಿಲ್ಲ. ಗಣಿಗೆ ಸಾಕಾಗುವಷ್ಟು ಇದೆ ಎಂದು ಹೇಳುವುದಕ್ಕೂ ಆಳಕ್ಕೆ ಕೊರೆದು ತೆಗೆದ ಕಲ್ಲಿನ ಕಂಬ (ಕೋರ್) ನೋಡದೆ ಬಾಯಿ ತೆರೆಯಲಾರೆ. ತಮ್ಮದೇ ಹೊಲವಾದರೂ ಪರವಾನಗಿಯಿಲ್ಲದೆ ಚಿನ್ನಕ್ಕಾಗಿ ಗುಂಡಿ ತೋಡಲು 1957ರ ಗಣಿ ಮತ್ತು ಖನಿಜ ಕಾಯ್ದೆ ಬಿಡುವುದಿಲ್ಲ ಎಂಬುದನ್ನು ಮಾತ್ರ ಖಚಿತವಾಗಿ ಹೇಳಿದೆ. ಕೈಸುತ್ತಿಗೆಯಿಂದ ಎಳೆಗೆ ಅಡ್ಡಲಾಗಿ, ಗೇಣಿಗೊಂದರಂತೆ, ಹೊಳೆಯುವುದನ್ನೂ ಮಂಕಾಗಿರುವುದನ್ನೂ ಒಂದೇ ಸಮನಾಗಿ ಕೆತ್ತಿ ಬೇರೆ ಬೇರೆ ಚೀಲ ಕಟ್ಟುವುದನ್ನು ತೋರಿಸಿಕೊಟ್ಟೆ.

ಹದಿನೈದು ದಿನದ ಮೇಲೆ ಅವರು ಒಂಬತ್ತು ಚೀಲ ಹೊತ್ತು ಬಂದರು. ಬಳಪದಲ್ಲಿ ಬರೆದ ಸಂಖ್ಯೆ, ಪ್ರತಿ ಚೀಲಕ್ಕೂ ಗಂಟು. ಅವುಗಳಲ್ಲಿ ಏಳು ಚೀಲಗಳಲ್ಲಿ ಇದ್ದದ್ದು ಬರೀ ಕಪ್ಪು ಶಿಸ್ಟ್. ಸಾಲದ ಕಾಗದಕ್ಕೆ ಅವರು ಸಹಿ ಹಾಕಿರಲಿಲ್ಲ. ಒಂಬತ್ತನ್ನೂ ಪರೀಕ್ಷೆಗೆ ಕಳಿಸಿದ್ದೇವೆ.