11 ದಿನದ ತಕರಾರು

ಗೋಡೆ ಕ್ಯಾಲೆಂಡರಿಗೆ ಹಬ್ಬದ ತಾರೀಖು ಜೋಡಿಸುವುದು ನನ್ನ ಕೆಲಸ. ಪ್ರತಿ ವರ್ಷ ಪ್ರೂಫ್ ಬರುವ ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: 'ಕ್ರಿಸ್‌ಮಸ್ ಕದಲೋದಿಲ್ಲ, ಈಸ್ಟರ್ ಯಾಕೆ ಓಡಾಡುತ್ತೆ? ರಂಜಾನ್ ಯಾಕೆ ವರ್ಷ ವರ್ಷ ಬೇಗ ಬರುತ್ತೆ?'

ಎಲ್ಲಕ್ಕೂ ಕಾರಣ 11 ದಿನ. ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷ 365. ಉಳಿದದ್ದನ್ನು ಏನು ಮಾಡಬೇಕು? ಯಹೂದಿಗಳು, ಕ್ರೈಸ್ತರು, ಮುಸ್ಲಿಮರು ಮೂವರಿಗೂ ಅಬ್ರಹಾಮ ಹಿರಿಯ. ಆದರೆ ಈ ಲೆಕ್ಕದಲ್ಲಿ ಮೂವರದೂ ಬೇರೆ ಬೇರೆ ದಾರಿ.

ಯಹೂದಿಗಳ ಲೆಕ್ಕ ನಮಗೆ ಬೇಗ ತಲೆಗೆ ಹೋಗುತ್ತದೆ. ಅವರಿಗೂ ಅಧಿಕ ಮಾಸ ಇದೆ! 19 ವರ್ಷದಲ್ಲಿ 7 ವರ್ಷ ಅದಾರ್ ತಿಂಗಳು ಎರಡು ಸಲ ಬರುತ್ತದೆ. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬೇರೆ ಬೇರೆ ತಿಂಗಳಿಗೆ ಬರುತ್ತದೆ, 2023ರಲ್ಲಿ ಶ್ರಾವಣಕ್ಕೆ ಬಂದಿತ್ತು. ಅವರಲ್ಲಿ ಅದಾರ್‌ಗೆ ಮಾತ್ರ. ಯಾಕೆಂದರೆ ಅದರ ಮುಂದಿನ ತಿಂಗಳು ನಿಸಾನ್ (ಕಾರಿಗೂ ಇದಕ್ಕೂ ಸಂಬಂಧವಿಲ್ಲ). ಆ ಹುಣ್ಣಿಮೆಗೆ ಪಸ್ಕ ಹಬ್ಬ, ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪು. ಅದನ್ನು ವಸಂತದಲ್ಲೇ ಆಚರಿಸಬೇಕೆಂದು ಅವರ ಧರ್ಮಗ್ರಂಥ ತೋರಾ ಹೇಳುತ್ತದೆ. ಹಬ್ಬ ಚಳಿಗಾಲಕ್ಕೆ ಜಾರದ ಹಾಗೆ ನಿಸಾನ್‌ಗೆ ಮುಂಚೆಯೇ ಒಂದು ತಿಂಗಳು ತುರುಕುತ್ತಾರೆ, ಅಷ್ಟೇ.

ಯೇಸುವನ್ನು ಶಿಲುಬೆಗೆ ಏರಿಸಿದ್ದು ಪಸ್ಕದ ದಿನಗಳಲ್ಲೇ. ಹಾಗಾಗಿ ಈಸ್ಟರ್‌ಗೂ ಚಂದ್ರ ಅಂಟಿಕೊಂಡ. ಆದರೆ ಯೇಸು ಸತ್ತು ಮತ್ತೆ ಎದ್ದ ದಿನ, ಅಂದರೆ ಪುನರುತ್ಥಾನ, ಭಾನುವಾರ ಅಲ್ವಾ? ಕ್ರಿ.ಶ. 325ರಲ್ಲಿ ಇಂದಿನ ಟರ್ಕಿಯ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳು, ಯಹೂದಿ ಲೆಕ್ಕ ಕಾಯುವುದು ಬೇಡ, ಎಲ್ಲರೂ ಒಂದೇ ಭಾನುವಾರ ಆಚರಿಸೋಣ ಎಂದರು. ಆಮೇಲೆ ನೆಲೆ ನಿಂತ ಸೂತ್ರ ಇದು: ಮಾರ್ಚ್ 21ಕ್ಕೆ ಅಥವಾ ಅದಾದ ಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ. ಈ ಹುಣ್ಣಿಮೆ ಕೂಡ ಆಕಾಶದ್ದಲ್ಲ, ಕೋಷ್ಟಕದ್ದು. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಮುಗಿಯಿತು. ಯಹೂದಿಗಳಿಗೆ ಆ ವರ್ಷ ಎರಡು ಅದಾರ್, ಪಸ್ಕ ಶುರುವಾಗಿದ್ದು ಏಪ್ರಿಲ್ 22ರ ಸಂಜೆ.

ಇಸ್ಲಾಂ ಅಧಿಕ ಮಾಸವನ್ನೇ ತೆಗೆದುಹಾಕಿತು. ತಿಂಗಳು ಹನ್ನೆರಡೇ, ಅವನ್ನು ಹಿಂದೆ ಮುಂದೆ ಮಾಡಬಾರದು ಎಂದು ಕುರಾನಿನ 9ನೇ ಅಧ್ಯಾಯ ಹೇಳುತ್ತದೆ. ಅದಕ್ಕೇ ರಂಜಾನ್ ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2030ರಲ್ಲಂತೂ ಜನವರಿಯಲ್ಲಿ ಒಂದು, ಡಿಸೆಂಬರಿನಲ್ಲಿ ಇನ್ನೊಂದು ಶುರುವಾಗುತ್ತದೆ. ನನಗೆ ಇದು ಇಷ್ಟ. ಯಾವ ಊರಿನವರಿಗೂ ಬೇಸಿಗೆಯ ಉದ್ದ ಹಗಲಿನ ಉಪವಾಸವೇ ಗಂಟು ಬೀಳುವುದಿಲ್ಲ.

ನನ್ನ ನಿದ್ದೆ ಕೆಡಿಸುವುದು ಚಂದ್ರದರ್ಶನ. ಲೆಕ್ಕ ಎಷ್ಟೇ ಸರಿಯಿದ್ದರೂ ಬಾಲಚಂದ್ರ ಕಂಡ ಮೇಲೇ ಹಬ್ಬ. ರಂಜಾನ್ ಉಪವಾಸ ಮುಗಿದಾಗ ಬರುವ ಹಬ್ಬ ಈದುಲ್ ಫಿತ್ರ್. 2024ರಲ್ಲಿ ಅದಕ್ಕೆ ನಾವು ಏಪ್ರಿಲ್ 11 ಎಂದು ಹಾಕಿದ್ದೆವು. ಬೆಂಗಳೂರಿಗೆ ಸರಿಹೋಯಿತು. ಮಂಗಳೂರು, ಉಡುಪಿಯವರು ಕೇರಳದ ಜೊತೆ 10ಕ್ಕೇ ಆಚರಿಸಿದರು. ಬೆಳಗ್ಗೆಯಿಂದ ಫೋನೋ ಫೋನು. ಹಿಂದೆ ಜೆರುಸಲೇಮಿನ ಯಹೂದಿಗಳೂ ಹೀಗೇ ಮಾಡುತ್ತಿದ್ದರು. ಚಂದ್ರನನ್ನು ಕಂಡೆವೆಂದು ಇಬ್ಬರು ಸಾಕ್ಷಿ ಹೇಳಬೇಕಿತ್ತು, ಆಗಲೇ ಹೊಸ ತಿಂಗಳು. ಜನ ದೇಶದೇಶಕ್ಕೆ ಚದುರಿದ ಮೇಲೆ ಗಣಿತಕ್ಕೆ ಒಪ್ಪಿಕೊಂಡರು.

ಈಗ ನಾವು ಆ ಚೌಕದಲ್ಲಿ 'ಚಂದ್ರದರ್ಶನಕ್ಕೆ ಅನುಗುಣವಾಗಿ' ಎಂದು ಹಾಕುತ್ತೇವೆ. ಜಾಗ ಸಾಲಲ್ಲ ಎಂದು ಡಿಸೈನರ್ ಪ್ರತಿ ವರ್ಷ ಗೊಣಗುತ್ತಾನೆ.